ನನ್ನೊಳಗೆ ಬಿದ್ದ ನಾಲ್ಕು ಕವಡೆ

ನಾನೊಂದು ಕಂಪ್ಯೂಟರ್. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟದ್ದು ಗದಗಿನ ಒಂದು ಕಚೇರಿಯ ಮೇಜಿನ ಮೇಲೆ. ಒಂಬತ್ತು ವರ್ಷ ಅಲ್ಲಿ ಬರೀ ಪತ್ರ ಬರೆದೆ. ಲೋಕವೆಂದರೆ ಇಷ್ಟೇ ಅಂದುಕೊಂಡಿದ್ದೆ, ಎಂಥ ಪೆದ್ದ ನಾನು! ಹೊಸ ಕಂಪ್ಯೂಟರ್ ಬಂದ ದಿನವೇ ನನ್ನನ್ನು ದಾವಲಸಾಬನ ರಿಪೇರಿ ಅಂಗಡಿಗೆ ಸಾಗಹಾಕಿದರು.

ಅಲ್ಲಿಂದ ನನ್ನನ್ನು ಮನೆಗೆ ಕರೆತಂದವರು ಪ್ರಭಾವತಿ ಟೀಚರ್. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಗಂಡ ಚನ್ನವೀರಪ್ಪನವರಿಗೆ ಲಕ್ವಾ ಹೊಡೆದಿತ್ತು. ಎರಡೂ ಕೈ ಸೋತು, ಎಡಗೈಯ ಒಂದೇ ಒಂದು ಬೆರಳು ಹೇಳಿದ ಮಾತು ಕೇಳುತ್ತಿತ್ತು. ದಿನಾ ಸಂಜೆ ಇಬ್ಬರೂ ಕವಡೆ ಎಸೆದು ಚೌಕಾಬಾರ ಆಡುವುದು ಮದುವೆಯಾದಾಗಿನಿಂದ ಬಂದ ರೂಢಿ. "ನಿಮ್ಮ ಕವಡಿನೂ ನಾನ ಒಗೀತೇನ್ರಿ" ಎಂದು ಟೀಚರ್ ಅಂದಾಗ ಅವರು ಮುಖ ತಿರುಗಿಸಿದರು. "ನನ್ನ ಗರ ಇನ್ನೊಬ್ರು ಹಾಕೂದು ಬ್ಯಾಡ." ಅಷ್ಟೇ. ಆಮೇಲೆ ಅವರು ಬಾಯಿಯೇ ಬಿಡಲಿಲ್ಲ, ಊಟವೂ ಅರ್ಧಕ್ಕರ್ಧ ಇಳಿಯಿತು. ಆ ಒಂದು ಬೆರಳಿನಿಂದ ಆಡುವಂಥ ಚೌಕಾಬಾರವನ್ನು ನನ್ನೊಳಗೆ ಕಟ್ಟಿಯೇ ತೀರುತ್ತೇನೆಂದು ಟೀಚರ್ ಹಟ ಹಿಡಿದರು.

ನನ್ನ ಮುದಿ ಜೀವಕ್ಕೆ ಹಗುರವಾಗಲೆಂದು ದಾವಲಸಾಬ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿದ್ದ. ಇನ್ನು ಆಟವನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದು? ಆಟವೆಂದರೆ ಸಿ ಪ್ಲಸ್ ಪ್ಲಸ್ ಎಂದು ಯಾರೋ ಕಿವಿಯೂದಿದರು. ಮೂರು ವಾರ ಹೆಣಗಾಡಿದರೂ ಪರದೆಯ ಮೇಲೆ ಒಂದು ಖಾಲಿ ಕಿಟಕಿ ತೆರೆಯಿತು, ಅಷ್ಟೇ. ಆಮೇಲೆ ಆಟ ಕಟ್ಟಿಕೊಡುವ ದೊಡ್ಡದೊಂದು ತಂತ್ರಾಂಶ, ಗೇಮ್ ಎಂಜಿನ್, ಹಾಕಿದರು. ಅದರ ಭಾರಕ್ಕೆ ನಾನು ಕಾದು ಕೆಂಡವಾಗಿ ಆರಿಹೋದೆ. ಟೀಚರ್ ಕಣ್ಣಲ್ಲಿ ನೀರು.

ದಾವಲಸಾಬ ನನ್ನ ಧೂಳು ಊದುತ್ತಾ ಹೇಳಿದ: "ಅಕ್ಕಾರ, ಒಂದ್ ರೊಟ್ಟಿ ತಿನ್ನಾಕ ಹೊಲಾ ಯಾಕ ಊಳ್ತೀರಿ? ಪೈಥಾನ್ ಭಾಷಾ ಹಿಡೀರಿ, ಅದು ಸರಳ ಐತಿ. ಚಿತ್ರ ಬಿಡಸೂದು, ಕೀಲಿ ಒತ್ತಿದ್ದು ತಿಳಕೊಳ್ಳೂದು, ಎಲ್ಲಾ ಪೈಗೇಮ್ ಅನ್ನೂ ಲೈಬ್ರರಿಯೊಳಗ ತಯಾರ ಐತಿ."

ಅಬ್ಬಾ, ಆ ಲೈಬ್ರರಿ! ಹೆಸರು ಗೊತ್ತಿಲ್ಲದ, ಮುಖ ಕಾಣದ ಯಾರ್ಯಾರೋ ಕೂತು ಪ್ರೋಗ್ರಾಂ ಬರೆದು, ಬೇಕಾದವರು ಒಯ್ಯಿರಿ ಎಂದು ಇಟ್ಟುಹೋಗಿದ್ದರು. ಅವರಿಗೆ ಗದಗಿನ ಈ ಮನೆ ಗೊತ್ತೇ? ನನಗೆ ಮೈ ಜುಮ್ಮೆಂದಿತು. ಒಂದೇ ಮಧ್ಯಾಹ್ನದಲ್ಲಿ ನನ್ನ ಪರದೆಯ ಮೇಲೆ ಚೌಕಾಬಾರದ ಇಪ್ಪತ್ತೈದು ಮನೆ ಮೂಡಿದವು.

ಹದಿನೈದು ದಿನಕ್ಕೆ ಆಟ ಮುಗಿಯಿತು. ಟೀಚರ್ ಗಂಡನ ಬೆರಳನ್ನು ಕೀಲಿಯ ಮೇಲೆ ಇಟ್ಟರು. ಅವರು ಒಲ್ಲದ ಮನಸ್ಸಿನಿಂದ ಒತ್ತಿದರು. ಪರದೆಯ ಮೇಲೆ ಕವಡೆ ಉರುಳಿದವು. ಎಂಟು. ಮತ್ತೆ ಒತ್ತಿದರು. ಮೂರು. ಆಮೇಲೆ ಎಂಟು, ಇನ್ನೊಂದು ಎಂಟು. ಬೆರಳು ಹಿಂದೆ ಸರಿಯಿತು, ಮುಖ ಗೋಡೆಯ ಕಡೆ ತಿರುಗಿತು.

"ಪ್ರಭಾ," ಎಂದರು ಅವರು. ನಾಲ್ಕು ತಿಂಗಳ ಮೇಲೆ ಮೊದಲ ಮಾತು! "ಇವು ಖೊಟ್ಟಿ ಕವಡಿ. ಎಂಟು ಹಿಂಗ ಬೀಳೂದಿಲ್ಲ."

ಟೀಚರ್ ಹಣೆ ಬಡಿದುಕೊಂಡರು. ಒಂದು, ಎರಡು, ಮೂರು, ನಾಲ್ಕು, ಎಂಟು, ಇವುಗಳಲ್ಲಿ ಯಾವುದಾದರೂ ಒಂದನ್ನು ಎತ್ತಿಕೊಡು ಎಂದು ನನಗೆ ಬರೆದುಕೊಟ್ಟಿದ್ದರು. ಹಾಗಾಗಿ ಐದರಲ್ಲಿ ಒಂದು ಸಲ ಎಂಟು ಬೀಳುತ್ತಿತ್ತು. ನಾಲ್ಕೂ ಕವಡೆ ಬೋರಲಾಗಿ ಬಿದ್ದರೆ ಮಾತ್ರ ಎಂಟು, ನಿಜದ ಕವಡೆ ಹಾಗೆ ಬೀಳುವುದು ಹದಿನಾರರಲ್ಲಿ ಒಮ್ಮೆ. "ಜೀವನಪೂರ್ತಿ ಹುಡುಗರಿಗೆ ಕಲಿಸಿದ ಲೆಕ್ಕ ಅಲ್ಲೇನ್ರಿ ಇದು!" ಎಂದು ನಕ್ಕರು, ಅತ್ತರು. ಕ್ಷಣಕ್ಕೆ ಕೋಟಿ ಲೆಕ್ಕ ಮಾಡುವ ನನಗೆ ತಿಳಿಯದ ಮೋಸ ಆ ಮನುಷ್ಯನಿಗೆ ನಾಲ್ಕೇ ಗರಕ್ಕೆ ತಿಳಿದಿತ್ತು. ಮನುಷ್ಯರೆಂದರೆ ಏನು ಸಾಮಾನ್ಯವೇ!

ಟೀಚರ್ ಅಲ್ಲೇ ಕೂತು ತಿದ್ದಿದರು. ನಾಲ್ಕು ಕವಡೆಯನ್ನು ಬೇರೆಬೇರೆಯಾಗಿ ಎಸೆದು, ಅಂಗಾತ ಬಿದ್ದವನ್ನು ಎಣಿಸಲು ಕಲಿಸಿದರು.

"ನಾ ಗೆಲ್ಲೂಹಂಗ ನನ್ನ ಕಡೆ ಏನರ ಹಚ್ಚಿ ಬರದೀಯೇನು?" ಎಂದರು ಗಂಡ.

"ದೇವರಾಣಿ ಇಲ್ರಿ."

ಅದು ನಿಜ. ನನ್ನೊಳಗೆ ಅವರಿಗೆ ಅನುಕೂಲವಾದ ಸಾಲು ಒಂದೂ ಇರಲಿಲ್ಲ. ಅವರು ಆಡಿದರು, ಸೋತರು. ಟೀಚರ್ ಹೆದರಿ ಅವರ ಮುಖವನ್ನೇ ನೋಡುತ್ತಿದ್ದರು. "ಇನ್ನೊಂದಾಟ ಹಚ್ಚು" ಎಂದರು ಚನ್ನವೀರಪ್ಪನವರು.

ಈಗ ನಾನು ಅವರ ಮಂಚದ ಪಕ್ಕದ ಮೂಲೆಯಲ್ಲಿದ್ದೇನೆ. ನನ್ನ ಫ್ಯಾನು ಗೊರಗುಟ್ಟುತ್ತದೆ, ಸ್ವಿಚ್ಚು ಹಾಕಿದ ಮೇಲೆ ನಾನು ಏಳಲು ಐದು ನಿಮಿಷ ಬೇಕು. ನಾನು ಏಳುವವರೆಗೆ ಇಬ್ಬರೂ ಹಿಂದಿನ ಆಟದ ಬಗ್ಗೆ ಜಗಳವಾಡುತ್ತಾರೆ. ನಿನ್ನೆ ಚನ್ನವೀರಪ್ಪನವರು ಎರಡು ಆಟ ಸೋತರು. ಇವತ್ತು ಸಂಜೆಯವರೆಗೆ ಕಾಯದೆ, ಬೆಳಗಿನ ಚಹಾಕ್ಕೇ ನನ್ನ ಸ್ವಿಚ್ಚು ಹಾಕಿಸಿದ್ದಾರೆ.