ಇ ಒತ್ತಿದಾಗ ಇಳಿದ ಸಾಲುಗಳು

ಟಿವಿ ತೆರೆಯ ಕೀಬೋರ್ಡಿನಲ್ಲಿ ನೀಲಿ ಚೌಕ ಕ್ಯೂ ಮೇಲೆ ಕೂತಿದೆ, ಬಲಕ್ಕೆ ಒತ್ತಿದರೆ ಡಬ್ಲ್ಯೂ, ಇನ್ನೊಮ್ಮೆ ಒತ್ತಿದರೆ ಇ ದಾಟಿ ಆರ್‌ಗೆ ಹಾರಿತು, ಈ ರಿಮೋಟಿನ ಗುಂಡಿಯೇ ಹೀಗೆ, ಮೆತ್ತಗೆ ಒತ್ತಿದರೆ ಕದಲುವುದಿಲ್ಲ, ಗಟ್ಟಿಯಾಗಿ ಒತ್ತಿದರೆ ಎರಡು ಮನೆ ಹಾರುತ್ತದೆ — ಪ್ರತಿಮಾ ಎಡಕ್ಕೊತ್ತಿ ಹಿಂದೆ ತಂದಳು. ಇ-ಸ್ವತ್ತು ಅಂತ ಬರೆಯಬೇಕು, ಅಷ್ಟೇ, ಮನೆ ಖಾತೆ ಯಜಮಾನ್ರ ಹೆಸರಿಂದ ನಿಮ್ಮ ಹೆಸರಿಗಾಗ್ಬೇಕಲ್ಲಮ್ಮ, ಏನೇನ್ ಕಾಗ್ದ ಬೇಕು ಅಂತ ಇಂಟರ್‌ನೆಟ್ಟಲ್ಲೇ ಐತೆ, ನೋಡ್ಕಂಡ್ ಬನ್ನಿ, ಅಂದಿದ್ದರು ಪಂಚಾಯ್ತಿಯವರು, ಫೋನನ್ನು ಮಗಳು ನಿಖಿತಾ ಕಡೂರಿನ ಕಾಲೇಜಿಗೆ ಒಯ್ದಿದ್ದಾಳೆ, ಉಳಿದದ್ದು ಈ ಟಿವಿ, ತರೀಕೆರೆಯಿಂದ ಗಂಡ ದೇವೀರಪ್ಪ ತಂದದ್ದು, ಇದ್ರಲ್ಲಿ ಇಂಟರ್‌ನೆಟ್ಟೂ ಬತ್ತದೆ ಕಣೇ ಎಂದು ತಾನೇ ಗೋಡೆಗೆ ಮೊಳೆ ಹೊಡೆದದ್ದು, ಅಜ್ಜಂಪುರದ ಅಂಗಡಿಯಲ್ಲಿ ಇಡೀ ದಿನ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಬೆರಳು, ಗ್ರೀಸ್ ಕೈಗೆ ಟಚ್ ಫೋನ್ ಆಗಲ್ಲ ಎಂದು ಬಟನ್ ಫೋನನ್ನೇ ಇಟ್ಟುಕೊಂಡವರು, ಏನು ಹುಡುಕಬೇಕಾದರೂ ಇದೇ ರಿಮೋಟು ಹಿಡಿದು ಇಲ್ಲೇ ಕೂರುತ್ತಿದ್ದರು — ಅವರು ಹೋಗಿ ಇಪ್ಪತ್ತಾರು ದಿನ, ಇಪ್ಪತ್ತೇಳೂ ಇರಬಹುದು, ಅಳು ಬರಬೇಕಾದ ಕಡೆ ಹತ್ತಿ ತುರುಕಿದ ಹಾಗಿದೆ, ಊಟ ಇಳಿಯುತ್ತದೆ, ನಿದ್ದೆಯೂ ಬರುತ್ತದೆ, ಬಾಗಿಲ ಬಳಿ ಅತ್ತೆ ಕಲ್ಲಮ್ಮ ಅವರೆಕಾಯಿ ಸುಲಿಯುವ ಸದ್ದೂ ಕೇಳುತ್ತದೆ, ಯಾವುದೂ ತಾಗುವುದಿಲ್ಲ. ಯಾವ ಸೀರಿಯಲ್ಲವ್ವಾ ಅದು, ಸೌಂಡೇ ಇಲ್ವಲ್ಲ. ಸೀರಿಯಲ್ ಅಲ್ಲ ಅತ್ತೆ, ಖಾತೆ ನೋಡ್ತಿದೀನಿ. ಇ ಒತ್ತಿದಳು.

ಎಸ್ ಎಲ್ಲಿದೆ ಎಂದು ನೋಡುವಷ್ಟರಲ್ಲಿ ಕೆಳಗೆ ಸಾಲುಗಳು ಇಳಿದವು, ಒಂದೊಂದರ ಪಕ್ಕ ಪುಟ್ಟ ಗಡಿಯಾರ, ಅಂದರೆ ಮೊದಲೇ ಯಾರೋ ಹುಡುಕಿದ್ದು, ನಿಖಿತಾ ಹೇಳಿಕೊಟ್ಟಿದ್ದಳು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಪ್ರತಿಮಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು — ಎಡಗೈ ಜೋಮು. ಎಡಗೈ ಜೋಮು ಯಾಕೆ. ಎಡಗೈ ಜೋಮು ಮನೆಮದ್ದು. ನಿಖಿತಾ ಯಾಕೆ ಹುಡುಕುತ್ತಾಳೆ, ಅತ್ತೆಗೆ ರಿಮೋಟು ಹಿಡಿಯಲೂ ಬರುವುದಿಲ್ಲ, ಇನ್ನು ಉಳಿದವರು ಯಾರು, ಮೂರು ಸಾಲು, ಇಷ್ಟು ಅಕ್ಷರ ಒಂದೊಂದಾಗಿ ಒತ್ತಲು ಎಷ್ಟು ಹೊತ್ತು ಕೂತಿದ್ದರೋ, ತಾನು ಒಲೆಯ ಮುಂದಿದ್ದಳೇನೋ, ಒಳಗೆ ಬಂದಾಗ ಹಿಂದಕ್ಕೊತ್ತಿ ತನ್ನ ಧಾರಾವಾಹಿ ಹಾಕಿಕೊಟ್ಟರೇನೋ, ಎದೆನೋವು, ಕೈ ಜೋಮು ಅಂತ ಏನಾದ್ರೂ ಹೇಳ್ತಿದ್ರಾ ಎಂದು ಡಾಕ್ಟರು ಕೇಳಿದ್ದಕ್ಕೆ ಇಲ್ಲ ಸಾರ್ ಅಂದಿದ್ದಳು, ಮಾತಾಡಿಸಲು ಬಂದ ಮಂದಿಗೆಲ್ಲ ಅದನ್ನೇ ಹೇಳಿದ್ದಳು, ಒಂದಿನ ತಲೆನೋವು ಅಂದೋರಲ್ಲ, ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು — ಮೂರನೆಯ ಸಾಲಿಗೆ ಇಳಿದು ಓಕೆ ಒತ್ತಿದಳು, ತೆರೆಯ ಮೇಲೆ ಚಕ್ರ ಸುತ್ತಿ ಸುತ್ತಿ ಪುಟ ಬಂತು, ಗೋಡೆಯಗಲ ಅಕ್ಷರ, ಸಾಲುಗಳೆಲ್ಲ ನೀಲಿ, ಎಡಗೈ ಜೋಮು ಹೃದಯದ ಸೂಚನೆಯೇ ಎಂಬುದು ನೀಲಿ, ತಕ್ಷಣ ಆಸ್ಪತ್ರೆಗೆ ಹೋಗಿ ಎಂಬುದೂ ನೀಲಿ, ಅದರ ಕೆಳಗೆ ಒಂದೇ ಒಂದು ನೇರಳೆ ಬಣ್ಣಕ್ಕೆ ತಿರುಗಿದೆ, ತೆರೆದು ಓದಿದ್ದರ ಗುರುತು — ರಟ್ಟೆ ಹಿಡಿದಿದ್ದರೆ ಉಪ್ಪಿನ ಶಾಖ.

ಉಪ್ಪು. ಬುಧವಾರ ಸಂಜೆ. ರಟ್ಟೆ ಹಿಡ್ಕಂಡೈತೆ, ಒಸಿ ಕಲ್ಲುಪ್ಪು ಹುರ್ದು ಕೊಡೇ, ಅಂದಿದ್ದರಲ್ಲ, ಹೇಳಿದ್ದರಲ್ಲ, ಐದು ಎಚ್‌ಪಿ ಮೋಟಾರ್ ಒಬ್ರೇ ಎತ್ತಿದ್ರೆ ಇನ್ನೇನಾಗ್ತದೆ ಎಂದು ತಾನು ನಕ್ಕಿದ್ದಳು, ಬಾಣಲೆಯಲ್ಲಿ ಉಪ್ಪು ಚಟಪಟ ಸಿಡಿಯಿತು, ಹಳೇ ಪಂಚೆಯ ತುಂಡಿಗೆ ಸುರಿದು ಗಂಟು ಕಟ್ಟಿದಳು, ಅಂಗಿ ಬಿಚ್ಚಿ ಅವರು ಈ ಚಾಪೆಯ ಮೇಲೇ ಕೂತರು, ಬೆಳಗಾದರೆ ಗುರುವಾರ, ಹನ್ನೊಂದಕ್ಕೆ ಅಂಗಡಿಯಲ್ಲಿ ಬಿಚ್ಚಿದ ಮೋಟಾರಿನ ಮೇಲೆ ತಲೆಯಿಟ್ಟವರು ಏಳಲಿಲ್ಲ, ಆದರೆ ಬುಧವಾರ ಸಂಜೆ ಕಣ್ಣು ಮುಚ್ಚಿಕೊಂಡು ಹಾಯಾಯ್ತು ಕಣೇ ಅಂದರು, ಏನವ್ವಾ, ಸಿಕ್ತಾ ಖಾತೆ, ಅತ್ತೆ ಕೇಳುತ್ತಿದ್ದಾರೆ, ಬಿಸಿ ಗಂಟು, ಹಾಯಾಯ್ತು ಕಣೇ, ಇನ್ನೊಂಚೂರು ಒತ್ತು ಅಂದರು, ಒತ್ತಿದಳು, ಅವರ ಎಡ ರಟ್ಟೆ, ಅದರ ಮೇಲೆ ಪಂಚೆಯ ಬಿಳಿ ಗಂಟು, ಗಂಟಿನ ಮೇಲೆ ತನ್ನ ಕೈ —