ಸೊನ್ನೆ ಜನದ ಮದುವೆ

ಮಾಗಡಿಯ ಪೇಟೆಬೀದಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ನೇತ್ರಾಳ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬುದು ಅಂದು ಸಂಜೆ ತೀರ್ಮಾನವಾಗಬೇಕಿತ್ತು. ಮಕ್ಕಳು ಕಾಲೇಜು ಸೇರಿದ ಮೇಲೆ, ಎಂದೋ ಕಲಿತದ್ದನ್ನು ಕೆದಕಿ ತೆಗೆದು ಹಿಡಿದ ಕೆಲಸ. ಸಂಬಳದ ಮಾತು ಹಾಗಿರಲಿ, ಬೆಳಿಗ್ಗೆ ಎದ್ದು ತನ್ನದೇ ಒಂದು ಕುರ್ಚಿಯ ಕಡೆಗೆ ಹೊರಡುವ ಸುಖವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅಡಿಗೆ ಕಂಟ್ರಾಕ್ಟರುಗಳಿಗಾಗಿ ಅಲ್ಲೊಂದು ಆಪ್ ತಯಾರಾಗುತ್ತಿತ್ತು. ಮದುವೆಗೆ ಎಷ್ಟು ಜನ ಎಂದು ಒತ್ತಿದರೆ ಎಷ್ಟು ಅಕ್ಕಿ ಬೇಕೆಂದು ಅದು ಹೇಳಬೇಕು. ಸರಿಯಾಗಿ ಹೇಳುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಜೊತೆಯ ಹುಡುಗ ಮನೋಹರ್ ಬರೆದಿಟ್ಟಿದ್ದ. ಪರೀಕ್ಷೆ ಒಂದೇ, ಅದಕ್ಕೆ ಉಣಿಸುವ ಅಂಕಿಗಳನ್ನು ಸಾಲುಸಾಲಾಗಿ ಕೊಡುವುದು ನೇತ್ರಾಳ ಪಾಲು. ಇಷ್ಟು ಜನಕ್ಕೆ ಇಷ್ಟು ಅಕ್ಕಿ ಬರಬೇಕು ಎಂದು ಬರೆದರೆ, ಪ್ರತಿ ಸಾಲಿಗೂ ಅದೇ ಪರೀಕ್ಷೆ ಹೊಸದಾಗಿ ಓಡುತ್ತಿತ್ತು. ಸರಿಬಂದರೆ ಹಸಿರು, ತಪ್ಪಿದರೆ ಕೆಂಪು.

ನೇತ್ರಾಳ ಸಾಲುಗಳೆಲ್ಲ ಹಸಿರು.

"ನೇತ್ರಕ್ಕ, ಬರೀ ಮರ್ಯಾದಸ್ತರನ್ನೇ ಕರ್ದಿದ್ದೀರಲ್ಲ! ನೂರು, ಇನ್ನೂರು, ಐನೂರು. ಎಲ್ಲ ತಲೆ ಬಾಚ್ಕೊಂಡು ಬಂದವ್ರೆ. ಸೊನ್ನೆ ಎಲ್ಲಿ?" ಎಂದ ಮನೋಹರ್.

"ಬುಡಪ್ಪ, ಮದುವೆಗೆ ಸೊನ್ನೆ ಜನ ಅಂತ ಹೆಂಗೆ ಬರೀಲಿ? ಬಾಯಲ್ಲಿ ಅನ್ನೋಕೇ ಆಗಲ್ಲ."

"ಇದು ಯಾರ ಮದುವೇನೂ ಅಲ್ಲ ಕಣಕ್ಕ! ಸಂಜೆ ಶಾಂಭವಿ ಮೇಡಂ ನೋಡ್ತಾರೆ. ಅಷ್ಟ್ರೊಳಗೆ ಒಸಿ ತರಲೆ ಜನಾನೂ ಕರೀರಿ."

ಶಾಂಭವಿ ಆಫೀಸಿನ ಒಡತಿ. ಎಲ್ಲ ಹಸಿರಾಗಿದ್ದರೆ ಅವಳು ಮೆಚ್ಚುತ್ತಾಳೆಂದೇ ನೇತ್ರಾ ಎಣಿಸಿದ್ದಳು. ಮನೆಯಲ್ಲಿ ಅವಳು ಬಾಳಿದ್ದೂ ಹಾಗೆಯೇ. ಅತ್ತೆ ಬಸವಲಿಂಗಮ್ಮ "ಸಾರು ಹೆಂಗೈತೆ?" ಎಂದರೆ ಚೆನ್ನಾಗಿದೆ. ಗಂಡ "ಹೊರಡೋಣ್ವಾ?" ಎಂದರೆ ಹ್ಞೂಂ. ಯಾರ ಮುಖವೂ ಕೆಂಪಾಗದಂಥ ಉತ್ತರಗಳನ್ನೇ ಆರಿಸಿ ಆರಿಸಿ ಕೊಟ್ಟಿದ್ದಳು. ಒಳಗಿದ್ದ ಬೇರೆ ಉತ್ತರಗಳೆಲ್ಲ ಏನಾದವೋ, ಅವಳೇ ವಿಚಾರಿಸಿರಲಿಲ್ಲ.

ಕಲ್ಯ ಎಂಬ ಹಳ್ಳಿಯಲ್ಲಿ ನಡೆದ ತನ್ನ ಮದುವೆ ನೆನಪಾಯಿತು. ಒಂದು ಬಸ್ಸು ಎಂದಿದ್ದ ಗಂಡಿನ ಕಡೆಯವರು ಬಸ್ಸಿನ ಮೇಲೆ ಬಸ್ಸು ತುಂಬಿಕೊಂಡು ಬಂದಿದ್ದರು. ನಗು ಬಂತು. ಒಂದು ಸಾಲಿಗೆ ಹತ್ತು ಸಾವಿರ ಜನರನ್ನು ಹತ್ತಿಸಿದಳು. ಓಡಿಹೋಗಿ ಮದುವೆಯಾದವರಿಗೆಂದು ಒಬ್ಬನೇ ಅತಿಥಿಯ ಸಾಲು ಬರೆದಳು. ಕೊನೆಗೆ, "ಇದು ಯಾರ ಮನೆಗೂ ತಟ್ಟದಿರಲಪ್ಪ ಸ್ವಾಮಿ" ಎಂದು ಕೆನ್ನೆ ಬಡಿದುಕೊಂಡು, ಸೊನ್ನೆ ಜನ, ಸೊನ್ನೆ ಅಕ್ಕಿ ಎಂದು ಒತ್ತಿದಳು.

ಆ ಸಾಲು ಕೆಂಪಾಯಿತು. ಯಾರೂ ಬಾರದ ಮದುವೆಗೆ ಆಪ್ ಒಂದು ಮೂಟೆ ಅಕ್ಕಿ ಕೇಳಿತ್ತು!

ನೇತ್ರಾ ಕುರ್ಚಿಯಿಂದ ಎದ್ದೇಬಿಟ್ಟಳು. ಕೆಲಸ ಹೋಯಿತು ಎಂದುಕೊಂಡಳು. ಮನೋಹರ್ ಮಾತ್ರ, "ಮೇಡಂ, ನೇತ್ರಕ್ಕ ಆಪ್ ತಪ್ಪು ಹಿಡಿದ್ಬುಟ್ರು!" ಎಂದು ಕೂಗಿದ.

ಶಾಂಭವಿ ಬಂದು ಬಗ್ಗಿ ನೋಡಿದಳು. "ಜನ ಎಷ್ಟು ಅಂತ ತುಂಬೋದು ಮರೆತು ಒತ್ತಿದ್ದಿದ್ರೆ ಕಂಟ್ರಾಕ್ಟರ್ ಮೂಟೆ ಅಕ್ಕಿ ತೊಳೆದು ಕೂರ್ತಿದ್ದ. ನಮ್ಮ ಮರ್ಯಾದೆ ಉಳಿಸಿದ್ರಿ. ಸೋಮವಾರದಿಂದ ಕಾಯಂ. ಹಿಂಗೇ ತರಲೆ ಮಾಡ್ತಿರಬೇಕು, ಅಷ್ಟೆ."

ರಾತ್ರಿ ಊಟಕ್ಕೆ ಕೂತಾಗ ಬಸವಲಿಂಗಮ್ಮ ಎಂದಿನಂತೆ ಕೇಳಿದರು. "ಸಾರು ಹೆಂಗೈತವ್ವಾ?"

ನೇತ್ರಾ ತುತ್ತು ನುಂಗಿದಳು. "ಉಪ್ಪು ಜಾಸ್ತಿ ಅತ್ತೆ."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಬಸವಲಿಂಗಮ್ಮ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರು, ಮುಖ ಹಿಂಡಿದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಊ ಕಣವ್ವಾ! ಈ ನಾಲಿಗೇನ ಇಷ್ಟು ವರ್ಸ ಎಲ್ಲಿ ಮಡಗಿದ್ದೆ?"