ಮಿಲನ್‌ನ ಜನವರಿ ತೂಕ

ಜನವರಿ ಆರು, ಸೋಮವಾರ, ಬೆಳಗ್ಗೆ ಹತ್ತೂಕಾಲು. ಅಂಗನವಾಡಿಯ ತೂಕದ ಯಂತ್ರದ ಮೇಲೆ ಮಿಲನ್ ಒಂಬತ್ತು ಕಿಲೋ ಮುನ್ನೂರು ಗ್ರಾಂ ತೂಗಿದ. ಡಿಸೆಂಬರಿನಲ್ಲಿ ಒಂಬತ್ತು ಕಿಲೋ ನಾನೂರು ಇದ್ದ.

ಮಗುವಿಗೆ ಎರಡು ವರ್ಷ ಎರಡು ತಿಂಗಳು. ಅಂಗನವಾಡಿ ಕಾರ್ಯಕರ್ತೆ ಯಮುನ ಅಂಕಿಯನ್ನು ಎರಡು ಸಲ ಓದಿದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ವಿಶಾಲಾಕ್ಷಮ್ಮ ಸೊಸೆಯ ಕಡೆ ತಿರುಗಿದರು.

"ಆಯ್ತಲ್ಲ ತಾಯಿ. ನಾಳೆಯಿಂದ ಬುತ್ತಿ ಕಟ್ಟೋ ಕೆಲ್ಸ ಇಲ್ಲ ಬುಡು ನಿಂಗೆ."

ಮನೆಯಲ್ಲಿ ಆಗಿದ್ದ ಮಾತು ಇಷ್ಟು: ಒಂದು ತಿಂಗಳು ಮಗುವಿಗೆ ತಾಯಿ ವೀಣಾಳ ಕ್ರಮದಲ್ಲಿ ಊಟ. ತೂಕ ಏರಿದರೆ ಅದೇ ಮುಂದುವರಿಯುವುದು, ವೀಣಾ ಕುಶಾಲನಗರದ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿರುವುದು. ಏರದಿದ್ದರೆ ಅವಳು ಕೆಲಸ ಬಿಡುವುದು, ಅತ್ತೆ ತಮ್ಮ ಕ್ರಮದಲ್ಲಿ ತಿನ್ನಿಸುವುದು. ವೀಣಾಳ ಗಂಡ ಮಹೇಶ್ ಗೂಡ್ಸ್ ಆಟೋ ಓಡಿಸುತ್ತಾನೆ. ತಾಯಿಗೂ ಹೆಂಡತಿಗೂ ಅವನು 'ಆಯ್ತು' ಎಂದಿದ್ದ.

ಅತ್ತೆಯ ಕ್ರಮ ಹೀಗೆ. ಗೋಡೆಗೊರಗಿ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸುವುದು. ಮೂಗು ಹಿಡಿಯುವುದು. ಉಸಿರಿಗೆಂದು ಬಾಯಿ ತೆರೆದಾಗ ಒಳಲೆಯಿಂದ, ಅಂದರೆ ಮೂತಿ ಚೂಪಾದ ಪುಟ್ಟ ಬೆಳ್ಳಿ ಬಟ್ಟಲಿನಿಂದ, ರಾಗಿ ಸರಿ ಹುಯ್ಯುವುದು. ಹಾಸನ, ಮೈಸೂರು ಕಡೆಯಿಂದ ಬಂದವರು ನೆಲೆಸಿದ, ಕುಶಾಲನಗರದ ಪಕ್ಕದ ಆ ಊರಿನಲ್ಲಿ ಐದಾರು ತಿಂಗಳ ಕೂಸಿಗೆ ಒಳಲೆ ಹಿಡಿದವರು ಬಹಳ ಮಂದಿ. ಹಲ್ಲು ಬಂದು ಓಡಾಡುವ ಹುಡುಗನಿಗೆ ಹಿಡಿದವರು ವಿಶಾಲಾಕ್ಷಮ್ಮ ಒಬ್ಬರೇ. ಮಿಲನ್ ಚಮಚ ಕಂಡರೂ ತುಟಿ ಬಿಗಿಯುವಂತಾಗಿದ್ದ. ನಡುವೆ ಹಸಿದು ಅತ್ತರೆ ಬೆಲ್ಲದ ಕಾಪಿಯಲ್ಲಿ ಬಿಸ್ಕತ್ತು ಅದ್ದಿ ಕೊಡುತ್ತಿದ್ದರು. ಅದನ್ನು ಮಾತ್ರ ಅವನು ತಾನಾಗಿ ತಿನ್ನುತ್ತಿದ್ದ.

"ನಾಕ್ ಮಕ್ಳ ಹಿಂಗೇ ಸಾಕಿವ್ನಿ. ಒಂದ್ಕಾದ್ರೂ ತೂಕದ್ ಬುಕ್ಕಿತ್ತಾ?" ಎನ್ನುತ್ತಿದ್ದರು ವಿಶಾಲಾಕ್ಷಮ್ಮ. ಅವರು ಹೆತ್ತದ್ದು ಐದು.

ವೀಣಾಗೆ ಯಮುನ ಹೇಳಿಕೊಟ್ಟ ಕ್ರಮ ಬೇರೆ. ತಟ್ಟೆ ಮಗುವಿನದು, ಕೈಯೂ ಮಗುವಿನದು. ತಿನ್ನದಿದ್ದರೆ ಸುಮ್ಮನೆ ಎತ್ತಿಡಬೇಕು, ಬಯ್ಯಬಾರದು. ಊಟದ ನಡುವೆ ಕಾಪಿ ಇಲ್ಲ. ಮನೆಯಲ್ಲಿ ಅದು ನಡೆಯುವುದಿಲ್ಲವೆಂದು ವೀಣಾ ಬೆಳಗ್ಗೆ ಎಂಟೂವರೆಗೆ ಮಗುವನ್ನು ಬುತ್ತಿಯ ಸಮೇತ ಯಮುನ ಅವರ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

"ಬೀಜ ಆರ್ಸೋಕ್ ಹೋಗೋಳ್ಗೆ ಮಗ ಯಾಕ್ ಬೇಕಿತ್ತು?" ಎಂದು ಅತ್ತೆ ಬೀದಿಯವರೆಗೂ ಬಂದು ಕೇಳುತ್ತಿದ್ದರು.

ನಾಲ್ಕು ದಿನ ಮಿಲನ್ ಏನನ್ನೂ ಮುಟ್ಟಲಿಲ್ಲವೆಂದೇ ಹೇಳಬೇಕು. ಐದನೆಯ ದಿನ, ಯಮುನ ಕರೆದೊಯ್ದ ಅಂಗನವಾಡಿಯಲ್ಲಿ, ಪಕ್ಕದಲ್ಲಿ ಕೂತಿದ್ದ ಗಾನವಿ ಎಂಬ ಹುಡುಗಿಯ ತಟ್ಟೆಯಿಂದ ಬೆಂದ ಅವರೆಕಾಳೊಂದನ್ನು ತೆಗೆದು ಹಿಚುಕಿದ. ಬೇಳೆ ಸಿಪ್ಪೆಯಿಂದ ಚಿಮ್ಮಿ ಅವನ ಮೊಣಕಾಲಿನ ಮೇಲೆ ಬಿತ್ತು. ನಕ್ಕ, ಎತ್ತಿ ಬಾಯಿಗಿಟ್ಟುಕೊಂಡ. ಆ ಸಂಜೆ ವೀಣಾ ಅರ್ಧ ಕಿಲೋ ಅವರೆಕಾಳು ಬೇಯಿಸಿದಳು. ಮೂರನೆಯ ವಾರಕ್ಕೆ ಅವನು ಮೊಟ್ಟೆಯ ಹಳದಿ ತಿನ್ನುತ್ತಿದ್ದ, ಬಿಳಿಯನ್ನು ನಾಯಿಗೆ ಎಸೆಯುತ್ತಿದ್ದ. ತುಪ್ಪ ಸವರಿದ ಮುದ್ದೆಯ ಚೂರುಗಳೂ ಇಳಿಯುತ್ತಿದ್ದವು.

ಆದರೂ ನೂರು ಗ್ರಾಂ ಇಳಿದಿತ್ತು.

ಒಂದು ಗಂಟೆಯ ರಜೆ ಕೇಳಿ ಬಂದಿದ್ದ ವೀಣಾ ಮಗುವನ್ನು ಎತ್ತಿಕೊಂಡಾಗ ಅಂಗಿ ಮೇಲೆ ಸರಿಯಿತು. ಸೊಂಟ ಬರಿದಾಗಿತ್ತು.

"ಉಡಿದಾರ ಎಲ್ಲತ್ತೆ?"

"ಗಂಟು ಸಡ್ಲ ಆಗಿತ್ತು ಕಣವ್ವ. ತೆಗ್ದಿಟ್ಟಿವ್ನಿ."

"ಕಾಲ್ಗಡಗ?"

"ಅದೂವೆ."

"ಅದೂ ಸಡ್ಲ ಆಗಿತ್ತಾ?"

ಗಂಡುಮಗುವಿನ ಸೊಂಟ ಉಡಿದಾರವಿಲ್ಲದೆ ಇರಬಾರದೆಂದು ಸ್ನಾನದಲ್ಲೂ ಅದನ್ನು ಬಿಚ್ಚಲು ಬಿಡದವರು ವಿಶಾಲಾಕ್ಷಮ್ಮ. ಡಿಸೆಂಬರಿನಲ್ಲಿ ಯಮುನ ಸ್ವೆಟರ್ ತೆಗೆಯಲು ಹೋದಾಗ 'ಥಂಡೀಲಿ ಮಗ ಸಾಯ್ಲಿ ಅಂತಲಾ?' ಎಂದು ಕೈ ತಳ್ಳಿದವರೂ ಅವರೇ. ಯಮುನ ಅಂದು ಸ್ವೆಟರ್, ಟೋಪಿ, ಕಡಗ ಎಲ್ಲದರ ಸಮೇತ ಹಾಗೇ ತೂಗಿ ಬರೆದುಕೊಂಡಿದ್ದರು. ಈ ದಿನ ಅಜ್ಜಿಯೇ ಮಗುವಿಗೆ ಸ್ನಾನ ಮಾಡಿಸಿ ಒಂದು ತೆಳು ಅಂಗಿ ಹಾಕಿ ಕರೆತಂದಿದ್ದರು.

ವೀಣಾ ಮನೆಗೆ ಓಡಿದಳು. ಅತ್ತೆಯ ಪೆಟ್ಟಿಗೆಯಲ್ಲಿ ಬೆಳ್ಳಿಯ ಉಡಿದಾರ, ಕಡಗ, ಟೋಪಿ ಎಲ್ಲವನ್ನೂ ಸ್ವೆಟರಿನೊಳಗೇ ಸುತ್ತಿಟ್ಟಿತ್ತು. ಆ ಗಂಟನ್ನು ಹಾಗೇ ತಂದು ತೂಕದ ಯಂತ್ರದ ಮೇಲಿಟ್ಟಳು. ನಾನೂರ ಮೂವತ್ತು ಗ್ರಾಂ. ಅಂದರೆ ಮಗು ತಿಂಗಳಲ್ಲಿ ಮುನ್ನೂರ ಮೂವತ್ತು ಗ್ರಾಂ ಏರಿತ್ತು.

"ನನ್ನದೇ ತಪ್ಪು," ಎಂದರು ಯಮುನ. "ಆದ್ರೆ ಎಂತ ಮಾಡೂದು? ಡಿಸೆಂಬರಿದ್ದು ಇಲಾಖೆಯ ಫೋನಿಗೆ ಹೋಗಿ ಆಗಿದೆ. ಇನ್ನು ತಿದ್ದಕ್ಕೆ ಬರೂದಿಲ್ಲ."

"ಬುಕ್ಕಲ್ ಏನೈತೋ ಅದ್ನೇ ಓದಿ ಟೀಚರಮ್ಮ," ಎಂದರು ವಿಶಾಲಾಕ್ಷಮ್ಮ. "ಓದ್ದೋರು ನೀವು."

ಹನ್ನೊಂದಕ್ಕೆ ಮಹೇಶ್ ಆಟೋ ತಂದು ನಿಲ್ಲಿಸಿದ. ವೀಣಾ ಅವನಿಗೆ ಎರಡೂ ಅಂಕಿ ಹೇಳಿದಳು, ಗಂಟು ತೋರಿಸಿದಳು. ಅವನು ಅದನ್ನು ಕೈಯಲ್ಲಿ ಹಿಡಿದು ಭಾರ ನೋಡಿದ.

"ಗೊತ್ತಾಯ್ತು ಕಣೆ. ಅವ್ವಂಗೂ ಗೊತ್ತು."

"ಮತ್ತೆ?"

"ಇಷ್ಟೆಲ್ಲ ಮಾಡವ್ಳೆ ಅಂದ್ರೆ ಅವ್ಳಿಗೆ ಸೋಲಕ್ಕಾಗಲ್ಲ. ನೀನ್ ಸೋಲು. ನೀನ್ ಚಿಕ್ಕೋಳು."

ಮಂಗಳವಾರ ವೀಣಾ ಕೆಲಸಕ್ಕೆ ಹೋಗಲಿಲ್ಲ. ಅದು ಕ್ಯೂರಿಂಗ್‌ನ ಸೀಸನ್. ಗುರುವಾರ ಅವಳ ಜಾಗಕ್ಕೆ ಬೇರೆಯವಳು ಬಂದಳು.

ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಒಳಲೆ. ಮಗುವಿನ ಕೈ ಹಿಡಿಯುವುದು ವೀಣಾಳ ಕೆಲಸವೆಂದಾಯಿತು. ಮೊದಲ ದಿನ ಅವಳು ಹಿಡಿಯಲಿಲ್ಲ. ಅತ್ತೆ ಒಂದು ಟವೆಲ್ ತಂದು ಮಗುವಿನ ಎರಡೂ ಕೈ ಕಟ್ಟಿದರು. ಮಾರನೆಯ ದಿನದಿಂದ ವೀಣಾ ಹಿಡಿದಳು.

"ನೋಡ್ದಾ, ಹೆಂಗಿಳೀತದೆ," ಎಂದು ವಿಶಾಲಾಕ್ಷಮ್ಮ ಖಾಲಿ ಒಳಲೆ ತೋರಿಸುತ್ತಿದ್ದರು. "ನಿಂಗೆ ಕೈ ಹಿಡಿಯಕ್ಕಾದ್ರೂ ಬತ್ತದಲ್ಲ, ಪುಣ್ಯ."

ಜನವರಿ ಹದಿನೆಂಟು, ಶನಿವಾರ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ರಾಗಿ ಸರಿ ಉಸಿರಿನ ಕೊಳವೆಗೆ ಇಳಿಯಿತು. ಮಗುವಿನ ತುಟಿ ನೀಲಿಯಾಯಿತು. ವೀಣಾ ಅವನನ್ನು ಕಿತ್ತುಕೊಂಡು ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಉಸಿರು ಬಂತು. ಸಂಜೆಗೆ ಜ್ವರ ಏರಿ, ರಾತ್ರಿ ಮಡಿಕೇರಿಯ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಬಲ ಶ್ವಾಸಕೋಶದಲ್ಲಿ ನ್ಯುಮೋನಿಯಾ.

ಮಾರನೆಯ ಬೆಳಗ್ಗೆ ಮಕ್ಕಳ ವಾರ್ಡಿನ ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದರು: "ಮಗೂಗೆ ತಿನ್ನಿಸೋದು ಯಾರು?"

"ಅವ್ರಮ್ಮನೇ ಡಾಕ್ಟ್ರೆ," ಎಂದರು ವಿಶಾಲಾಕ್ಷಮ್ಮ. "ಅದ್ಕೇ ಅಂತ ಕೆಲ್ಸ ಬುಡ್ಸಿ ಮನೇಲಿ ಕೂರ್ಸಿವಿ. ಇನ್ಯಾರು ತಿನ್ನುಸ್ತಾರೆ?"

"ಸುಳ್ಳು," ಎಂದಳು ವೀಣಾ. "ಹುಯ್ದಿದ್ದು ಇವ್ರು."

"ನೀನ್ ಕೈ ಹಿಡ್ಕಂಡಿರ್ಲಿಲ್ವಾ? ದೇವ್ರಾಣೆ ಮಾಡಿ ಹೇಳು."

ವೀಣಾ ಗಂಡನ ಕಡೆ ನೋಡಿದಳು. ಮಹೇಶ್ ಮಗುವಿನ ಹೊದಿಕೆ ಸರಿಮಾಡುತ್ತಿದ್ದ.

"ಹಿಡ್ಕೊಂಡಿದ್ದೆ," ಎಂದಳು.

ಡಾಕ್ಟರು ಬರೆದುಕೊಂಡರು.

ಮಗು ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ಜನವರಿ ಇಪ್ಪತ್ತೇಳರಂದು ಕೊಟ್ಟ ಚೀಟಿಯ ಕೊನೆಯ ಸಾಲನ್ನು ನರ್ಸ್ ಕನ್ನಡದಲ್ಲಿ ಓದಿ ಹೇಳಿದಳು: ತಾಯಿ ಮಗುವಿಗೆ ಬಲವಂತವಾಗಿ ತಿನ್ನಿಸುತ್ತಿದ್ದರು, ಹಾಗೆ ಮಾಡಬಾರದೆಂದು ತಾಯಿಗೆ ತಿಳಿಹೇಳಲಾಗಿದೆ. ಅದರ ಕೆಳಗೆ ತಾಯಿಯ ಸಹಿ ಬೇಕಿತ್ತು. ಸಹಿಯಾಗದೆ ಕಳಿಸುವಂತಿಲ್ಲ ಎಂದಳು ನರ್ಸ್.

ವೀಣಾ ಸಹಿ ಮಾಡಿದಳು. ಎರಡು ಗಂಟೆಯ ಕುಶಾಲನಗರ ಬಸ್ಸಿಗೆ ನಾಲ್ವರೂ ಹತ್ತಿದರು.